ಹಿಮ್ಮಡಿ ಊರದ ನಡಿಗೆ

ನೂಲಗೇರಿಯ ನೀರು ಶುದ್ಧವಾಗಿ ಮೂವತ್ತು ವರ್ಷ ಕಳೆದಿದ್ದವು. ಆದರೆ ಹಳೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಬೆಳೆದವರ ಕಾಲುಗಳು ಇನ್ನೂ ಆ ನೀರನ್ನು ಮರೆತಿರಲಿಲ್ಲ. ಐವತ್ತು ದಾಟಿದ ಗಂಡಸಾಗಲಿ ಹೆಂಗಸಾಗಲಿ ಬೀದಿಯಲ್ಲಿ ನಿಂತರೆ ಎರಡು ಮೊಣಕಾಲುಗಳ ನಡುವೆ ಒಂದು ಕುಂಬಳಕಾಯಿ ಆರಾಮಾಗಿ ತೂರಿ ಹೋಗುವಷ್ಟು ಸಂದು ಕಾಣುತ್ತಿತ್ತು. ಊರಿನವರು ಇದನ್ನೊಂದು ರೋಗವೆಂದು ಬಗೆದಿರಲಿಲ್ಲ. ನೇಕಾರರ ಊರು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರ ಕಾಲು ನೆಟ್ಟಗಿದ್ದರೇನು, ಬಿಲ್ಲಾಗಿದ್ದರೇನು?

ಆಮೇಲೆ ಜಿಲ್ಲಾ ಪಟ್ಟಣದಲ್ಲಿ ಬಾಗಿದ ಕಾಲು ನೆಟ್ಟಗೆ ಮಾಡುವ ಅಕ್ಷಕೇಂದ್ರವೆಂಬ ಆಸ್ಪತ್ರೆ ಬಂತು. ಅಲ್ಲಿಯ ವಿದ್ಯೆ ಕೇಳಲು ಸರಳ. ಮೊಣಕಾಲಿನ ಕೆಳಗೆ ಮೂಳೆಯನ್ನು ಮುಕ್ಕಾಲು ಪಾಲು ಸೀಳಿ, ಒಳಗೊಂದು ಸರಳು ಕೂಡಿಸುತ್ತಾರೆ. ಸರಳಿನ ಹೊಟ್ಟೆಯಲ್ಲಿ ಆಯಸ್ಕಾಂತದ ಒಂದು ತಿರುಪು. ರೋಗಿ ಮನೆಯಲ್ಲೇ ಬೆಳಿಗ್ಗೆ ಆರು ಗಂಟೆಗೆ ಕಾಲಿಗೊಂದು ಪಟ್ಟಿ ಕಟ್ಟಿಕೊಂಡು ಕೂರಬೇಕು. ಕೇಂದ್ರದಿಂದ ಸಂಕೇತ ಬಂದು ತಿರುಪು ಡಿಗ್ರಿಯ ಕಾಲು ಭಾಗ ತಿರುಗುತ್ತದೆ, ಸೀಳು ಕೂದಲೆಳೆಯಷ್ಟು ಅಗಲವಾಗುತ್ತದೆ, ಆ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ನಲವತ್ತು ನಲವತ್ತೈದು ದಿನಕ್ಕೆ ಕಾಲು ನೆಟ್ಟಗೆ. ಎಂಬತ್ತು ದಿನಕ್ಕೆ ಆ ಮೂಳೆ ಕಲ್ಲು. ಅಲ್ಲಿಯವರೆಗೆ ಬೇಕಾದರೆ ಹಿಂದಕ್ಕೂ ತಿರುಗಿಸಬಹುದು, ಆಮೇಲೆ ಬ್ರಹ್ಮ ಬಂದರೂ ಆಗದು.

ಎಷ್ಟು ತಿರುಗಿಸಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ಹನ್ನೆರಡು ಅಡಿಯ ಒಂದು ಚಾಪೆಯ ಮೇಲೆ ನಡೆಸುತ್ತಿದ್ದರು. ಚಾಪೆಯೊಳಗಿನ ಸಾವಿರಾರು ಕಣ್ಣುಗಳು ಪಾದ ಎಲ್ಲಿ ಊರಿತು, ಎಷ್ಟು ಭಾರ ಬಿತ್ತು ಎಂದು ಬರೆದುಕೊಳ್ಳುತ್ತಿದ್ದವು. ಈ ಲೆಕ್ಕಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಕೆಲಸಕ್ಕಿದ್ದಳು. ನೂಲಗೇರಿಯ ಸೊಸೆ. ತನ್ನ ಅತ್ತೆ ಬಾಳವ್ವನನ್ನು ಕೇಂದ್ರಕ್ಕೆ ಕರೆತಂದವಳೂ ಅವಳೇ.

ಬಾಳವ್ವನಿಗೆ ಅರವತ್ತೆರಡು. ಗಂಡ ತೀರಿಕೊಂಡು ಎಂಟು ವರ್ಷ. ಹನ್ನೆರಡನೆಯ ವಯಸ್ಸಿನಿಂದ ಕುಪ್ಪಸದ ಖಣ ನೇಯ್ದ ಕೈ. ಕೈಮಗ್ಗದ ಖಣಕ್ಕೆ ಮತ್ತೆ ಬೆಲೆ ಬಂದ ಕಾಲವಾದ್ದರಿಂದ ಅವಳ ಮಾತಿಗೆ ಮನೆಯಲ್ಲಿ ತೂಕವೂ ಇತ್ತು. ನಲವತ್ತನಾಲ್ಕನೆಯ ದಿನ ಅವಳ ಎರಡೂ ಕಾಲು ನೂಲು ಹಿಡಿದಂತೆ ನೆಟ್ಟಗಾದವು. ಅಂದಿನಿಂದ ಅವಳು ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡತೊಡಗಿದಳು. ಕಪಾಟಿನ ಕನ್ನಡಿಯ ಮುಂದೆ ನಿಂತು ತಿರುತಿರುಗಿ ನೋಡಿಕೊಂಡಳು. ಹದಿನೆಂಟರಲ್ಲಿ ಮಾಡಿಕೊಳ್ಳಬೇಕಾದ ಸಡಗರವನ್ನು ಮುದುಕಿ ಈಗ ಮಾಡಿಕೊಳ್ಳುತ್ತಿದ್ದಾಳೆಂದು ಓಣಿ ನಕ್ಕಿತು. ಅವಳೂ ನಕ್ಕಳು.

ಅರವತ್ತೊಂದನೆಯ ದಿನ ಬೆಳಿಗ್ಗೆ ಇಂದುಮತಿ ಕೆಲಸಕ್ಕೆ ಹೊರಡುವಾಗ ಮಗ್ಗದ ಸದ್ದು ನಾಲ್ಕು ಸಲ ಬಂದು ನಿಂತಿತು. ಮತ್ತೆ ಎರಡು ಸಲ ಬಂದು ನಿಂತಿತು. ಒಳಗೆ ಹೋಗಿ ನೋಡಿದರೆ ಬಾಳವ್ವ ಕುಣಿಯಿಂದ ಎಡಗಾಲನ್ನು ಮೇಲಕ್ಕೆತ್ತಿ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಕಣಕಾಲು ಕಡುಬಿನಂತೆ ಉಬ್ಬಿತ್ತು.

"ಎಷ್ಟ್ ದಿನಾ ಆತ್ರೀ ಅತ್ತಿ ಇದು?"

"ಆತು, ಹದಿನೈದಿಪ್ಪತ್ತ ದಿನಾ. ನಿನಗ್ಯಾಕ ಹೇಳ್ಬೇಕಂತ ಸುಮ್ಕಿದ್ದೆ."

"ಮೊಣಕಾಲು?"

"ಅದಕ್ಕೇನ ಆಗೇತಿ? ಹದಿನಾರ ವರ್ಷದ ಹುಡುಗೀದು ಇದ್ದಂಗೈತಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ, ಹಂಗಾಗೇತಿ ನಂದು. ಮೊಣಕಾಲಿಗೆ ಔಷಧ, ಕಣಕಾಲಿಗೆ ಬ್ಯಾನಿ."

ಕುಣಿಯೊಳಗಿನ ಹಲಗೆ ತುಳಿಯದೆ ಮಗ್ಗವಿಲ್ಲ, ಕಣಕಾಲು ಮಡಚದೆ ಹಲಗೆಯಿಲ್ಲ. ಹೀಗೇ ಬಿಟ್ಟರೆ ಇನ್ನು ಹತ್ತೊಂಬತ್ತು ದಿನಕ್ಕೆ ಮೂಳೆ ಕಲ್ಲಾಗುತ್ತದೆ, ಅತ್ತೆ ಮಗ್ಗವನ್ನೇ ಬಿಡಬೇಕಾಗುತ್ತದೆ. ಕರೆದುಕೊಂಡು ಹೋದವಳು ನಾನು ಎಂಬುದು ಇಂದುಮತಿಗೆ ಬಸ್ಸಿನುದ್ದಕ್ಕೂ ಚುಚ್ಚುತ್ತಿತ್ತು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಕಲಕೋಟಿ. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಲೋಕ ತೊಡೆಯ ಸಂದಿನಿಂದ ಶುರುವಾಗಿ ಕಣಕಾಲಿಗೆ ಮುಗಿಯುತ್ತಿತ್ತು. ಎಕ್ಸ್‌ರೇ ಚಿತ್ರವೂ ಅಲ್ಲಿಗೇ ಮುಗಿಯುತ್ತಿತ್ತೆನ್ನಿ. ಅವರು ಪರದೆಯ ಮೇಲೆ ಬಾಳವ್ವನ ಚಿತ್ರ ಹಿಗ್ಗಿಸಿ ಮಗುವನ್ನು ತೋರಿಸುವಂತೆ ತೋರಿಸಿದರು.

"ನೋಡ್ರಿ ಈ ಮಂಡಿ. ಪುಸ್ತಕದಾಗ ಹಾಕ್ಬೇಕು."

"ಮಂಡಿ ಚಲೋ ಐತ್ರೀ ಸರ್. ಕಣಕಾಲು ಬಾತೇತಿ."

"ಹೊಸಾ ಭಾರ ಬೀಳ್ತೈತಿ, ರೂಢಿ ಆಗ್ತೈತಿ. ಬಾಗಿದ ಕಾಲಿನಾಗ ಭಾರ ಒಂದು ಮಗ್ಗಲಕ್ಕಿತ್ತು, ಈಗ ನಡುವ ಬಂದೈತಿ. ಪಾದ ಕಲಿಬೇಕಲ್ಲ?"

"ಇಪ್ಪತ್ಮೂರು ಮಂದಿ ಇದನ್ನ ಹೇಳಾಕತ್ತಾರ್ರೀ. ಇಪ್ಪತ್ಮೂರೂ ಹೆಣ್ಮಕ್ಕಳು, ಎಲ್ಲಾರೂ ಐವತ್ತರ ಮ್ಯಾಲಿನವ್ರು. ಗಂಡಸ್ರು ಒಬ್ರೂ ಇಲ್ಲ."

"ಹೆಣ್ಮಕ್ಕಳು ಸ್ವಲ್ಪ ಜಾಸ್ತಿನ ಹೇಳ್ತಾರ," ಎಂದು ಕಲಕೋಟಿ ನಕ್ಕರು. ಎದುರಿಗಿದ್ದವಳೂ ಹೆಣ್ಣುಮಗಳೆಂದು ನೆನಪಾಗಿ ನಗು ಅರ್ಧಕ್ಕೆ ನಿಲ್ಲಿಸಿದರು.

ಪಾದದ ಬಗ್ಗೆ ಅವರು ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಬಿಲ್ಲುಗಾಲಿನವರ ಪಾದ ಸುಮ್ಮನಿರುವುದಿಲ್ಲ. ಕಾಲು ಹೊರಕ್ಕೆ ಬಾಗಿದಾಗ ಅಂಗಾಲು ಹೊರ ಅಂಚಿನ ಮೇಲೆ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲಲಾಗದೆ ಹಿಮ್ಮಡಿ ಮೆಲ್ಲಗೆ ಹೊರಕ್ಕೆ ಹೊರಳಿ, ಅಂಗಾಲನ್ನು ಹೇಗೋ ನೆಲಕ್ಕೆ ಸಮ ಮಾಡಿಕೊಳ್ಳುತ್ತದೆ. ಓರೆ ನೆಲಕ್ಕೆಂದು ಕಾಲು ಕೊಯ್ದು ಕೂಡಿಸಿದ ಮಂಚದ ಹಾಗೆ. ಮೊಣಕಾಲು ನೆಟ್ಟಗಾದ ಮೇಲೆ ಹಿಮ್ಮಡಿಯೂ ತನ್ನ ಜಾಗಕ್ಕೆ ಮರಳಿದರೆ ಸರಿಹೋಯಿತು. ಐವತ್ತು ವರ್ಷ ಹೊರಳಿದಲ್ಲೇ ಬಿಗಿದುಕೊಂಡಿದ್ದರೆ ಮಾತ್ರ ಕಷ್ಟ. ನೆಲ ಸಮವಾಯಿತು, ಮಂಚ ಅಲುಗತೊಡಗಿತು. ಆಗ ಭಾರವೆಲ್ಲ ಪಾದದ ಒಳ ಅಂಚಿಗೆ ಬಿದ್ದು, ಕಣಕಾಲು ಹೊರಗಡೆ ಹಿಸುಕಿಕೊಳ್ಳುತ್ತದೆ. ಇದು ಯಂತ್ರಕ್ಕೂ ಗೊತ್ತಿತ್ತು. ಹಿಮ್ಮಡಿ ಹೆಚ್ಚು ಹೊರಳಿದವರಿಗೆ ಅದು ಕಾಲನ್ನು ಪೂರ್ತಿ ನೆಟ್ಟಗೆ ಮಾಡದೆ ನಾಲ್ಕೈದು ಡಿಗ್ರಿ ಬಾಗು ಉಳಿಸಿ ನಿಲ್ಲಿಸುತ್ತಿತ್ತು. ಹಾಗಿದ್ದರೆ ಈ ಇಪ್ಪತ್ತಮೂರು ಮಂದಿಯ ಹಿಮ್ಮಡಿ ಅದರ ಕಣ್ಣು ತಪ್ಪಿಸಿದ್ದು ಹೇಗೆ?

ಅಂದು ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಹೊಳೆಬಸವ್ವ ಜಗಲಿಯ ಮೇಲೆ ಕೂತು ಬಾಳವ್ವನ ಜೊತೆ ಜಗಳ ತೆಗೆದಿದ್ದಳು. ಅವಳದೂ ಅದೇ ಓಣಿ, ಅದೇ ನೀರು, ಒಂದೇ ವಾರದ ಶಸ್ತ್ರಚಿಕಿತ್ಸೆ. ಇಂದುಮತಿಯನ್ನು ಕಂಡದ್ದೇ ಬಾಣ ಅವಳ ಕಡೆ ತಿರುಗಿತು.

"ಬಾರವಾ ತಂಗಿ. ನಿಮ್ಮತ್ತೀ ಕಾಲು ಕೋಲಿನಂಗ ಮಾಡೀರಿ, ನಂದು ಯಾಕ ಅರ್ಧಾಕ ಬಿಟ್ರಿ? ನಾ ಏನ ಕಮ್ಮಿ ಕೊಟ್ಟೇನಿ?"

"ನಿಮ್ಮ ಕಣಕಾಲು ಬ್ಯಾನಿ ಅದಾವೇನ್ರೀ?"

"ಯಾಕ ಇರ್ತಾವು? ನಿನ್ನೆ ಗುಡ್ಡಾ ಹತ್ತಿ ಬಂದೇನಿ."

ಮರುದಿನ ಇಂದುಮತಿ ಇಬ್ಬರ ಹಳೆಯ ಚಾಪೆಯ ದಾಖಲೆ ತೆಗೆದು ಪಕ್ಕಪಕ್ಕ ಇಟ್ಟಳು. ಹೊಳೆಬಸವ್ವನ ಹೆಜ್ಜೆ ಗೂಟ ಹೊಡೆದಂತಿತ್ತು. ಬೆರಳು, ಅಂಗಾಲು, ಹಿಮ್ಮಡಿ ಎಲ್ಲ ಸ್ಪಷ್ಟ. ಹಿಮ್ಮಡಿ ಹನ್ನೊಂದು ಡಿಗ್ರಿ ಹೊರಕ್ಕೆ. ಬಾಳವ್ವನ ಹೆಜ್ಜೆಯಲ್ಲಿ ಐದು ಬೆರಳಿತ್ತು, ಬೆರಳ ಬುಡವಿತ್ತು, ಹಿಂದೆ ಏನೂ ಇರಲಿಲ್ಲ. ಹನ್ನೆರಡು ಅಡಿಯುದ್ದಕ್ಕೂ ಹಿಮ್ಮಡಿ ಒಮ್ಮೆಯೂ ಚಾಪೆಗೆ ತಾಕಿರಲಿಲ್ಲ. ಉಳಿದ ಇಪ್ಪತ್ತೆರಡು ಮಂದಿಯದೂ ಹಾಗೇ, ಬರೀ ಮುಂಗಾಲು.

ಬಿಟ್ಟುಹೋದ ಜಾಗವನ್ನು ಯಂತ್ರ ಖಾಲಿ ಬಿಟ್ಟಿರಲಿಲ್ಲ. ಖಾಲಿ ಬಿಡುವುದು ಅದಕ್ಕೆ ಕಲಿಸಿರಲಿಲ್ಲ. ಎಲ್ಲೆಲ್ಲಿಯೋ ನಡೆದ ಲಕ್ಷ ಜನರ ಸರಾಸರಿ ಹಿಮ್ಮಡಿಯನ್ನು ಅಲ್ಲಿ ತಾನೇ ಅಂಟಿಸಿಕೊಂಡಿತ್ತು. ಎರಡು ಡಿಗ್ರಿ. ಆ ಎರಡು ಡಿಗ್ರಿಯನ್ನು ನಂಬಿ ಬಾಳವ್ವನ ಕಾಲನ್ನು ಪೂರ್ತಿ ನೆಟ್ಟಗೆ ಮಾಡಿತ್ತು. ಇಂದುಮತಿ ಚಾಪೆಯೇ ಕೆಟ್ಟಿರಬಹುದೆಂದು ಬರಿಗಾಲಲ್ಲಿ ಅದರ ಮೇಲೆ ನಾಲ್ಕು ಸಲ ಓಡಾಡಿದಳು. ಅವಳ ಹಿಮ್ಮಡಿ ಚೆನ್ನಾಗಿಯೇ ಮೂಡಿತು.

ಸಂಜೆ ಹೊಳೆಬಸವ್ವನ ಮನೆಯ ಹಿತ್ತಲಿಗೇ ಹೋಗಿ ಕೇಳಿದಳು. "ಅವತ್ತ ಚಾಪಿ ಮ್ಯಾಲೆ ಹ್ಯಾಂಗ ನಡದ್ರಿ ನೀವು?"

"ಹ್ಯಾಂಗ ಅಂದ್ರ? ಕಾಲಿಲೆ ನಡದೆ." ಹೊಳೆಬಸವ್ವ ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಿ ಕಿಸಕ್ಕನೆ ನಕ್ಕಳು. "ನಿಮ್ಮತ್ತಿ ನಡದಿದ್ದು ನೋಡ್ಬೇಕಿತ್ತು ನೀ. ಥೇಟ್ ಹೆಣ್ಣ ನೋಡಾಕ ಬಂದವ್ರ ಮುಂದ ನಡದಂಗ. ತಲಿ ಬಗ್ಗಿಸಿ, ತುದಿಗಾಲಿಲೆ. ಅವತ್ತ ಬಂದಿದ್ದ ಸುಂಕಾಪುರದಾಕಿನೂ ಹಂಗ ನಡದಳು. ಎಲ್ಲಾರೂ ಹಂಗ. ನಾ ಬಾಯಿಗೆ ಸೆರಗ ಹಿಡದು ನಕ್ಕೆ."

"ಮತ್ತ ನೀವ್ಯಾಕ ಹಂಗ ನಡೀಲಿಲ್ರೀ?"

"ನನಗೆಲ್ಲಿ ಬರ್ತೈತಿ ಅದು? ನನ್ನ ಯಾರ ನೋಡಾಕ ಬಂದಿದ್ರು? ನನ್ನ ಸೋದರಮಾವಗ ಕೊಟ್ರು. ತೊಟ್ಟಿಲದಾಗ ನೋಡಿದಾವ ಮತ್ತೇನ ನೋಡ್ತಾನ?"

ಇಂದುಮತಿ ಅಲ್ಲೇ ಮೆಣಸಿನಕಾಯಿಯ ರಾಶಿಯ ಪಕ್ಕ ಕೂತುಬಿಟ್ಟಳು. ಲಕ್ಷ ಜನರ ಲೆಕ್ಕ ಬಲ್ಲ ಯಂತ್ರಕ್ಕೆ ಸಿಗದ್ದು ಹಿತ್ತಲಲ್ಲಿ ಸಿಕ್ಕಿತ್ತು.

ಬಾಳವ್ವನಿಗೆ ಹೇಳಿದಾಗ ಅವಳು ಮೊದಲು ಸಿಟ್ಟಾದಳು. ಆಮೇಲೆ ರೊಟ್ಟಿ ಮುರಿಯುತ್ತ ತಾನೇ ಶುರು ಮಾಡಿದಳು.

"ಮೂರ ಮಂದಿ ನೋಡಿ ಹೋಗಿದ್ರು ನನ್ನ. ಮೂರೂ ಮಂದಿ ಕಾಲು ಸೊಟ್ಟ ಅಂದ್ರು. ಅವರಾಗ ಒಬ್ಬಾವ ಇದ ಊರಾವ, ಕಟ್ಟಿಮನಿ ಈರಬಸಪ್ಪ. ತಮ್ಮನ ಸಲುವಾಗಿ ನೋಡಾಕ ಬಂದಿದ್ದ. 'ಹುಡುಗಿ ನಡದ್ರ ಎತ್ತಿನಗಾಡಿ ಬಂದಂಗಾಗ್ತೈತಿ' ಅಂದ, ನನ್ನ ಕಿವೀಲೆ ಕೇಳೇನಿ. ಆಮ್ಯಾಲೆ ನಮ್ಮ ಸಣ್ಣತ್ತಿ ಹದಿನೈದ ದಿನಾ ನನಗ ನಡಿಯೋದ ಕಲಿಸಿದ್ಲು. ಹಿಮ್ಮಡ ಊರಬ್ಯಾಡ, ಸಪ್ಪಳಾದ್ರ ಮನಿಗೆ ಆಗಂಗಿಲ್ಲ ಅಂತಾರ. ಮೊಣಕಾಲು ಒಂಚೂರ ಬಗ್ಗಿಸು, ಸಣ್ಣ ಹೆಜ್ಜಿ ಇಡು, ಸೊಟ್ಟ ಕಾಣಂಗಿಲ್ಲ. ನಾಕನೇದವ್ರು ನಿಮ್ಮ ಮಾವನ ಮನ್ಯಾವ್ರು. ಒಪ್ಪಿದ್ರು."

"ನೆಪ್ಪಿಟ್ಟು ಹಂಗ ನಡದ್ರೇನ್ರೀ ದವಾಖಾನ್ಯಾಗ?"

"ನಾ ಎಲ್ಲಿ ನಡದೆ? ಕಾಲು ನಡದ್ವು."

ಅರವತ್ತೈದನೆಯ ದಿನ ಅವಳನ್ನು ಮತ್ತೆ ಚಾಪೆಯ ಮೇಲೆ ನಿಲ್ಲಿಸಿದರು. ಮೊದಲ ಸಲದ ಹಾಗೇ ಗೋಡೆಗುಂಟ ನಾಲ್ಕು ಖುರ್ಚಿ. ಕಲಕೋಟಿ, ಇಬ್ಬರು ಸಹಾಯಕ ವೈದ್ಯರು, ಯಂತ್ರ ಕೊಟ್ಟ ಕಂಪನಿಯ ಒಬ್ಬ ಮನುಷ್ಯ. ಎಲ್ಲರ ತೊಡೆಯ ಮೇಲೂ ಬರೆದುಕೊಳ್ಳಲು ಒಂದೊಂದು ಫಲಕ.

"ಹೂಂ, ನಡದು ತೋರಸ್ರೆವ್ವಾ," ಎಂದರು ಕಲಕೋಟಿ.

ಬಾಳವ್ವ ನಡೆದಳು. ಹಿಮ್ಮಡಿ ಊರಬೇಕೆಂದು ಹಲ್ಲು ಕಚ್ಚಿ ನಡೆದಳು. ಪರದೆಯ ಮೇಲೆ ಐದು ಬೆರಳು ಮೂಡಿದವು, ಹಿಂದೆ ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ನಾಲ್ಕು ಜೊತೆ ಕಣ್ಣು ಕಾಲ ಮೇಲೆ ಬಿದ್ದ ಕ್ಷಣವೇ ಹಿಮ್ಮಡಿ ತಾನಾಗಿ ಮೇಲೇಳುತ್ತಿತ್ತು. ಮೂರನೆಯ ಸಲಕ್ಕೆ ಅವಳ ಕುತ್ತಿಗೆಯಲ್ಲಿ ಬೆವರಿಳಿಯಿತು. ಇಂದುಮತಿಗೆ ಅಳು ಬಂತು.

ಕಲಕೋಟಿಯವರಿಗೆ ತಾಳ್ಮೆ ಮುಗಿಯಿತು. ಪಕ್ಕದವರ ಕಡೆ ಬಾಗಿ ಮೆಲ್ಲಗೇ ಅಂದರು, "ಕುಣ್ಯಾಕ ಬರದಾಕಿ ನೆಲಾ ಡೊಂಕು ಅಂದ್ಳಂತ."

ಬಾಳವ್ವ ಚಾಪೆಯ ಆಚೆ ತುದಿಯಲ್ಲಿದ್ದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳಿ ಬೆಳೆದ ಕಿವಿ ಅವಳದು. ಸರಕ್ಕನೆ ತಿರುಗಿದಳು, ಸೀರೆಯ ನಿರಿಗೆ ಎತ್ತಿ ಕಟ್ಟಿದಳು. ಚಾಪೆಯ ನಟ್ಟನಡುವೆ ಧಪ್ ಧಪ್ ಎಂದು ಹಿಮ್ಮಡಿ ಬಡಿಯುತ್ತ ಅವರ ಎದುರಿಗೇ ಬಂದು ನಿಂತಳು.

"ಏನಂದ್ರಿ ಸಾಹೇಬ್ರ? ನಾಕ ಖುರ್ಚಿ ಹಾಕ್ಕೊಂಡು ನಾಕ ಮಂದಿ ಗಂಡಸ್ರು ಕುಂತು ನಡದು ತೋರಸು ಅಂದ್ರ, ನಮ್ಮ ಕಾಲು ಮತ್ತೇನ ಮಾಡ್ತಾವ್ರೀ? ಅದಕ್ಕಿಂತ ಬ್ಯಾರೆ ನಡಿಗಿ ಯಾರ ಕಲಿಸ್ಯಾರ ನಮಗ? ಹಂಗ ನಡದಿದ್ದಕ್ಕ ನಮ್ಮ ಲಗ್ನಾ ಆದ್ವು, ನಿಮ್ಮಂಥಾವ್ರು ಹುಟ್ಟಿದ್ರಿ!"

ನಾಲ್ವರೂ ಬಾಳವ್ವನ ಮುಖ ನೋಡಿದರು. ಇಂದುಮತಿ ಮಾತ್ರ ಪರದೆ ನೋಡುತ್ತಿದ್ದಳು. ಚಾಪೆಯ ಉದ್ದಕ್ಕೂ ಒಂಬತ್ತು ಹಿಮ್ಮಡಿಗಳು ಕೆಂಪಗೆ ಮೂಡಿ ನಿಂತಿದ್ದವು. ಹನ್ನೆರಡು ಡಿಗ್ರಿ, ಗಟ್ಟಿಯಾಗಿ ಬಿಗಿದದ್ದು.

ಕಲಕೋಟಿ ಎದ್ದು ನಿಂತರು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದರು, ಅದು ಅವರ ದೊಡ್ಡತನ. ಅಂದೇ ಖುರ್ಚಿಗಳನ್ನು ಹೊರಗೆ ಹಾಕಿಸಿದರು, ಉಳಿದ ಇಪ್ಪತ್ತೆರಡು ಮಂದಿಯನ್ನು ಕರೆಸಲು ಹೇಳಿದರು, ಅವರನ್ನು ನಡೆಸಲು ಹೊಳೆಬಸವ್ವನಂಥ ಮಾತಿನಮಲ್ಲಿಯರು ಬೇಕೆಂಬ ಇಂದುಮತಿಯ ಸಲಹೆಯನ್ನೂ ಒಪ್ಪಿದರು. ಆಮೇಲೆ ಬಾಳವ್ವನನ್ನು ಕೂರಿಸಿಕೊಂಡು ತಿಳಿಸಿದರು.

"ದಿನಕ್ಕ ಅರ್ಧಾ ಡಿಗ್ರಿ ಹಿಂದಕ್ಕ ತಿರುಗಿಸ್ತೀವಿ. ಆರು ಡಿಗ್ರಿ, ಹನ್ನೆರಡು ದಿನಾ. ಕಣಕಾಲು ಉಳೀತೈತಿ, ಮಗ್ಗಾನೂ ಉಳೀತೈತಿ. ಆದ್ರ ಅರವತ್ತೆಂಟನೇ ದಿನದೊಳಗ ಶುರು ಆಗಬೇಕು, ಇಲ್ಲಾಂದ್ರ ಮೂಳಿ ಕೇಳಂಗಿಲ್ಲ."

"ಅಂದ್ರ ಮತ್ತ ಸೊಟ್ಟ ಆಗ್ತಾವು?"

"ಒಂದ ಸ್ವಲ್ಪ."

"ಕಾಣಸ್ತೈತೋ?"

ಕಲಕೋಟಿ ಸುಳ್ಳು ಹೇಳಲಿಲ್ಲ. "ಕಾಣಸ್ತೈತಿ."

ಬಾಳವ್ವ ಮನೆಗೆ ಬಂದು ಕನ್ನಡಿಯ ಮುಂದೆ ನಿಂತವಳು ಹೇಳಿದಳು. "ಕಣಕಾಲು ಮುರದ್ರ ಮುರೀಲಿ. ಇದನ್ನ ತಿರುಗಿ ಸೊಟ್ಟ ಮಾಡಾಕ ನಾ ಬಿಡಂಗಿಲ್ಲ."

"ಅತ್ತಿ, ಮಗ್ಗಾ?"

"ಐವತ್ತ ವರ್ಷ ನೇಯ್ದೇನಿ. ನೆಟ್ಟಗ ನಿಂತಿದ್ದು ಇಪ್ಪತ್ತ ದಿನಾ. ಯಾವ್ದು ಹೆಚ್ಚು ನೀನ ಹೇಳು."

ಇಂದುಮತಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅರವತ್ತಾರನೆಯ ದಿನ ನಿಯಂತ್ರಣ ಕೊಠಡಿಯಲ್ಲಿ ಕೂತಾಗ ಒಂದು ಯೋಚನೆ ಬಂತು. ಈಗಲೂ ಬಾಳವ್ವ ಪ್ರತಿ ಬೆಳಿಗ್ಗೆ ಪಟ್ಟಿ ಕಟ್ಟಿ ಕೂರುತ್ತಾಳೆ, ಮೂಳೆ ಬೆಳೆದದ್ದನ್ನು ಅಳೆಯಲು. ಅದರ ಜೊತೆಗೇ ಅರ್ಧ ಡಿಗ್ರಿ ಹಿಂದಕ್ಕೆ ತಿರುಗಿಸುವ ಸಂಕೇತ ಕಳಿಸಿದರೆ ಯಾರಿಗೆ ತಿಳಿಯುತ್ತದೆ? ಕಲಕೋಟಿಯವರ ಒಪ್ಪಿಗೆ ಇದ್ದೇ ಇದೆ. ಅತ್ತೆಗೆ ತಿಳಿಯುವ ಹೊತ್ತಿಗೆ ನೋವು ಹೋಗಿರುತ್ತದೆ, ಬೈದರೂ ಮಗ್ಗದಲ್ಲಿ ಕೂತು ಬೈಯುತ್ತಾಳೆ. ಆಜ್ಞೆಯ ಸಾಲನ್ನು ಬರೆದೂ ಇಟ್ಟಳು. ಅಷ್ಟರಲ್ಲಿ ಗೋಡೆಗುಂಟ ಖುರ್ಚಿ ಹಾಕಿ ಕೂತ ಐದನೆಯವಳು ತಾನೇ ಅನ್ನಿಸಿತು. ನಾಚಿಕೆಯಾಯಿತು. ಅಳಿಸಿ ಎದ್ದಳು.

ಅರವತ್ತೇಳನೆಯ ದಿನ ಬೆಳಿಗ್ಗೆ ಬಾಳವ್ವ ಹೊಸ ಇಳಕಲ್ ಸೀರೆ ಉಟ್ಟಳು, ನಾಲ್ಕು ಬೆರಳು ಮೇಲಕ್ಕೇ. "ಇಂದೂ, ಬಾ. ಓಣಿ ತುದೀತನಾ ಹೋಗಿ ಬರೂಣು," ಎಂದಳು.

"ಅಷ್ಟ ದೂರ ಬ್ಯಾಡ್ರೀ, ಬಾವು ಜಾಸ್ತಿ ಆಗೇತಿ."

"ನೆಟ್ಟಗಾದ ಮ್ಯಾಲೆ ಒಮ್ಮೆರೆ ಆ ಕಟ್ಟಿಮನಿ ಮುಂದ ಹಾದು ಹೋಗಬ್ಯಾಡೇನು ನಾ? ಅಲ್ಲಿ ಈರಬಸಪ್ಪ ಕುಂತಿರ್ತಾನ. ನೋಡ್ಲಿ."

ಓಣಿ ಉದ್ದವಾಗಿತ್ತು. ಎರಡೂ ಕಡೆ ಮಗ್ಗಗಳು ಸದ್ದು ಮಾಡುತ್ತಿದ್ದವು. ಬಾಳವ್ವ ಸೊಸೆಯ ಕೈ ಹಿಡಿಯಲಿಲ್ಲ. ಹಿಮ್ಮಡಿ ಊರಿಯೇ ನಡೆದಳು, ತಲೆ ಎತ್ತಿಯೇ ನಡೆದಳು. ಎಡಗಾಲು ಊರಿದಾಗಲೆಲ್ಲ ಕೆಳದುಟಿ ಹಲ್ಲಿನಡಿ ಹೋಗುತ್ತಿತ್ತು. ಅರ್ಧ ದಾರಿಗೆ ಹಣೆ ಒದ್ದೆಯಾಯಿತು. ತಿರುಗಿ ಹೋಗೋಣವೆಂದು ಇಂದುಮತಿ ಎರಡು ಸಲ ಹೇಳಿದಳು. ಅವಳ ಕಿವಿಗೆ ಬೀಳಲಿಲ್ಲ.

ಕಟ್ಟಿಮನಿಯ ಕಟ್ಟೆಯ ಮೇಲೆ ಈರಬಸಪ್ಪ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ಎಂಬತ್ತು ದಾಟಿದ ಮುದುಕ, ಕಣ್ಣು ಇನ್ನೂ ಚುರುಕು. ಬಾಳವ್ವ ಅವನ ಎದುರಿಗೆ ಬಂದು ನಡಿಗೆ ನಿಧಾನ ಮಾಡಿದಳು. ಅವನು ನೋಡಿದ. ಮುಖ ನೋಡಿದ, ಸೀರೆ ನೋಡಿದ, ಕೆಳಗೆ ಕಾಲನ್ನೂ ನೋಡಿದ. ಬಾಳವ್ವ ನಲವತ್ತನಾಲ್ಕು ವರ್ಷ ಕಾದ ಮಾತಿಗಾಗಿ ನಿಂತಳು.

"ಯಾಕ ಬಾಳವ್ವಾ, ಕುಂಟಾಕತ್ತೀಯಲ್ಲ?" ಎಂದ ಈರಬಸಪ್ಪ ಕಳಕಳಿಯಿಂದ. "ಏನಾಗೇತಿ ಕಾಲಿಗೆ? ಮೊದಲ ಎಷ್ಟ ಚಲೋ ನಡೀತಿದ್ದಿ."

ಅವನಿಗೆ ಏನೂ ನೆನಪಿರಲಿಲ್ಲ. ಅದು ನಟನೆಯಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಇಂದುಮತಿಗೆ ಆ ಮುದುಕನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅತ್ತೆಯನ್ನು ಅಲ್ಲಿಂದ ಎಳೆದುಕೊಂಡು ಹೋಗಬೇಕೆನ್ನಿಸಿತು. ಆದರೆ ಬಾಳವ್ವ ಕಟ್ಟೆಯ ಅಂಚು ಹಿಡಿದು ಮೆಲ್ಲಗೆ ಅವನ ಪಕ್ಕದಲ್ಲೇ ಕೂತಳು. ಎರಡೂ ಕಾಲು ಮುಂದಕ್ಕೆ ಚಾಚಿದಳು. ಬಿಸಿಲಲ್ಲಿ ಅವು ಕೋಲಿನಂತೆ ನೆಟ್ಟಗಿದ್ದವು.

"ಎಷ್ಟ ಚಲೋ ನಡೀತಿದ್ದೆನಂತ ನಾ, ಕೇಳಿದೇನ ಇಂದೂ?" ಎಂದಳು ಬಾಳವ್ವ. ನಗಲು ಹೊರಟ ದನಿ ಅಳುವಾಗಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಲುಗಳನ್ನು ಇನ್ನೊಂದು ಗಳಿಗೆ ನೋಡಿದಳು, ಬಿಟ್ಟುಕೊಡುವ ಮುಂಚೆ ನೋಡುವ ಹಾಗೆ.

"ಫೋನ್ ಹಚ್ಚು ನಿಮ್ಮ ಡಾಕ್ಟರಗ. ನಾಳೆ ಆರ ಗಂಟೇಕ ಹಿಂದಕ್ಕ ತಿರುವು ಅನ್ನು."